ಸೋಸಿದ ಗಾಳಿ

ಪೊಲೀಸ್ ಆಕ್ಷನ್ ಆಗಿ ನಿಜಾಮರ ರಾಜ್ಯ ಮುಗಿದ ಎರಡು ವರ್ಷಕ್ಕೆ ನಮ್ಮ ಸೋದರಮಾವ ಒಂದು ಕಾರು ಕೊಂಡರು. ಅಲ್ಲಿಯವರೆಗೆ ಅದು ಒಬ್ಬ ಜಾಗೀರದಾರರದಾಗಿತ್ತು. ಜಾಗೀರು ಹೋಯಿತು, ಜಾಗೀರದಾರರು ಹೈದರಾಬಾದಿನ ಯಾವುದೋ ಗಲ್ಲಿಯ ಮನೆ ಸೇರಿದರು, ಕಾರು ಚಿತ್ತಾಪುರಕ್ಕೆ ನಮ್ಮ ಮನೆಗೆ ಬಂತು. ಅದರ ಜೊತೆಗೆ ಒಂದು ಜ್ಯಾಕು, ಒಂದು ಸ್ಟೆಪ್ನಿ, ಒಂದು ಇಂಗ್ಲಿಷ್ ಪುಸ್ತಕ ಮತ್ತು ಒಬ್ಬ ಡ್ರೈವರು ಬಂದರು. ಮೊದಲಿನ ಮೂರನ್ನು ಮಾವ ಹೊರಳಿಸಿ ನೋಡಿ ಒಳಗಿಟ್ಟುಕೊಂಡರು. ನಾಲ್ಕನೆಯವರು ತಾವೇ ಇಳಿದು ಬಂದು ಸಲಾಮು ಮಾಡಿ, "ಗಾಡಿ ಇನ್ನ ನಿಮ್ದು ಆತ್ರಿ ಸಾವ್ಕಾರ್ರ. ಅದಕ್ಕ ಏನ್ ಬೇಕು, ಏನ್ ಬ್ಯಾಡ ಅನ್ನೋದಷ್ಟು ನನಗ ಬಿಡ್ರಿ" ಅಂದರು. ಮಾವ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಆ ಒಪ್ಪಿಗೆ ಸರಿಯಾಗಿ ಒಂದು ತಿಂಗಳು ಬಾಳಿತು.

ಅವರನ್ನು ನಾವೆಲ್ಲ ಉಸ್ತಾದ ಎನ್ನುತ್ತಿದ್ದೆವು. ಅರವತ್ತರ ಹತ್ತಿರದ ಮನುಷ್ಯ. ಖಾಕಿ ಕೋಟಿನ ಒಂದು ಗುಂಡಿಯೂ ಬಿಚ್ಚಿರುತ್ತಿರಲಿಲ್ಲ. ಬಾನೆಟ್ ಎತ್ತುವುದಕ್ಕೆ ಮುಂಚೆ ಕೈ ತೊಳೆಯುತ್ತಿದ್ದರು, ಆಮೇಲೆ ತೊಳೆಯುವುದು ಎಲ್ಲರಿಗೂ ಗೊತ್ತಿರುವ ಮಾತೇ. ಹೆಂಡತಿ ತೀರಿದ್ದರು, ಒಬ್ಬಳೇ ಮಗಳು ರಾಯಚೂರಿನಲ್ಲಿದ್ದಳು. ಅವರಿಗಿದ್ದ ದೊಡ್ಡ ಚಟವೆಂದರೆ ಸ್ವಾಭಿಮಾನ. ಒಂದು ಮಾತನ್ನು ಒಮ್ಮೆ ಹೇಳುತ್ತಿದ್ದರು. ಕೇಳದವನಿಗೆ ಎರಡನೆಯ ಸಲ ಹೇಳುವುದು ತಮಗೆ ಅವಮಾನವೆಂದು ತಿಳಿದಿದ್ದರು.

ನನ್ನ ವಿಷಯ ಹೇಳುವುದಾದರೆ, ನಾನು ಗುಲ್ಬರ್ಗಾದಲ್ಲಿ ಇಂಟರ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಅದನ್ನು ಸೋಲಿಸಲಾಗದೆ ಮಾವನ ಮನೆಗೆ ಮರಳಿದ್ದೆ. ಮಾವನಿಗೆ ಶಹಾಬಾದದಲ್ಲಿ ಹಾಸುಗಲ್ಲಿನ ಖಣಿ ಇತ್ತು. ಅಲ್ಲಿಗೆ ಹೋಗಿಬರುವಾಗ ಜೊತೆಗಿರುವುದು ನನ್ನ ಕೆಲಸ. ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಆದ್ದರಿಂದ ಕಾರಿನ ಪುಸ್ತಕ ನನ್ನ ಪಾಲಿಗೆ ಬಂತು. ಪುಸ್ತಕ ಬಂದಮೇಲೆ ಇಂಜಿನಿಯರಿಂಗ್ ವಿದ್ಯೆಯೂ ಬಂದಂತೆಯೇ ಎಂದು ನಾನು ತಿಳಿದೆ, ಮಾವನೂ ತಿಳಿದರು. ಉಸ್ತಾದರು ಮಾತ್ರ ಏನೂ ತಿಳಿಯಲಿಲ್ಲ. ಇಂಜಿನ್ನಿನ ಸಂಗಡ ಮೂವತ್ತು ವರ್ಷ ಕಳೆದವರಿಗೆ ಅಷ್ಟು ಬೇಗ ಏನೂ ತಿಳಿಯುವುದಿಲ್ಲ.

ಇನ್ನು ನಮ್ಮ ಆಯಿ, ಮಾವನ ತಾಯಿ. ನೀರು ಸೋಸದೆ ಕುಡಿದರೆ ಶರಣರ ಮನೆತನದ ಹೆಸರು ಹೋಯಿತೆಂದು ನಂಬಿದವಳು. ಬಿಂದಿಗೆಯ ಬಾಯಿಗೆ ನಾಲ್ಕು ಮಡಿಕೆ ಮಾಡಿದ ಬಿಳಿ ಅರಿವೆ ಹಾಸಿ, ಅದರ ಮೇಲೆ ನೀರು ಸುರಿದು, ಕೆಳಗಿಳಿದದ್ದನ್ನೇ ಮನೆಮಂದಿ ಕುಡಿಯಬೇಕು. ಸೋಸುವ ಅರಿವೆಯನ್ನು ಬೇರೆ ಬಟ್ಟೆಯೊಂದಿಗೆ ಒಗೆಯುವಂತಿಲ್ಲ, ಬೇರೆ ಹಗ್ಗದ ಮೇಲೆ ಒಣಗಿಸಬೇಕು, ಕಂಡವರು ಮುಟ್ಟುವಂತಿಲ್ಲ. ಇಂಥ ಮನೆಯಲ್ಲಿ ಬೆಳೆದ ನಾನು ಒಂದು ದಿನ ಶಹಾಬಾದದ ಖಣಿಯಿಂದ ಬಂದು ಬಾನೆಟ್ ಎತ್ತಿ ನೋಡಿದೆ. ಇಂಜಿನ್ ಮೇಲೆ ಬೆರಳು ಎಳೆದರೆ ಗೆರೆ ಮೂಡುವಷ್ಟು ಕಲ್ಲಿನ ಪುಡಿ ಕೂತಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರು ಅದನ್ನು ಎಳೆದುಕೊಳ್ಳುವ ಬಾಯಿಗೆ ಒಂದು ತಂತಿಯ ಜಾಳಿಗೆಯಷ್ಟೇ ಇತ್ತು. ಇಷ್ಟು ಧೂಳು ಕುಡಿದು ಇಂಜಿನ್ ಎಷ್ಟು ದಿನ ಬದುಕೀತು ಎಂದು ನನ್ನ ಕರುಳು ಚುರುಕ್ಕೆಂದಿತು. ನೀರು ಸೋಸುವ ಮನೆಯವರು ಗಾಳಿ ಸೋಸಬಾರದೇಕೆ ಎಂದು ಹೊಳೆದದ್ದೇ ತಡ, ಆಯಿಯ ಕಡೆಯಿಂದ ಒಂದು ಅರಿವೆ ಬೇಡಿ ತಂದು, ನಾಲ್ಕು ಮಡಿಕೆ ಮಾಡಿ, ಕಾರ್ಬೊರೇಟರಿನ ಬಾಯಿಗೆ ದಾರದಿಂದ ಬಿಗಿಯಾಗಿ ಕಟ್ಟಿದೆ.

ಉಸ್ತಾದರು ಅಲ್ಲೇ ನಿಂತು ನೋಡುತ್ತಿದ್ದರು. "ಸಣ್ಣ ಸಾವ್ಕಾರ್ರ, ಹಿಂಗ ಕಟ್ಟಿದ್ರ ಇಂಜಿನ್‌ದು ದಮ್ ಕಟ್ತದ್ರಿ" ಅಂದರು. ನಾನು ಪುಸ್ತಕ ಓದಿದವನ ಧ್ವನಿಯಲ್ಲಿ, ನೀವು ಸ್ಟೇರಿಂಗ್ ನೋಡಿಕೊಳ್ಳಿರಿ ಎಂದೆ. ಅವರು ಸ್ಟೇರಿಂಗ್ ನೋಡಿಕೊಳ್ಳಲು ಹೋದರು. ಮಾವ ನನ್ನ ಬುದ್ಧಿಯನ್ನು ಊರೆಲ್ಲ ಹೊಗಳಿದರು. ಆಯಿಗಂತೂ ಕಾರೂ ಈಗ ನಮ್ಮ ಮನೆಯದಾಯಿತು ಎಂಬ ಸಂಭ್ರಮ. ಪ್ರತಿ ಸೋಮವಾರ ಒಗೆದ ಅರಿವೆಯನ್ನು ಅವಳೇ ನನ್ನ ಕೈಗೆ ಕೊಡುವಳು, ಹಳೆಯದನ್ನು ಬಿಚ್ಚಿ ಹೊಸದನ್ನು ನಾನೇ ಕಟ್ಟಬೇಕು. ಸೋಸುವ ಅರಿವೆಯಾದ್ದರಿಂದ ಉಸ್ತಾದರು ಅದನ್ನು ಮುಟ್ಟಕೂಡದೆಂದು ಕಟ್ಟಪ್ಪಣೆಯಾಯಿತು. ಅವಳು ಕೆಟ್ಟವಳಲ್ಲ. ದಿನವೂ ಉಸ್ತಾದರಿಗೆ ಬಿಸಿ ರೊಟ್ಟಿ ಕಳಿಸುತ್ತಿದ್ದಳು, ಕಾರು ನಿಲ್ಲಿಸುವ ಕೊಟ್ಟಿಗೆಯ ಗೂಡಿನಲ್ಲಿಟ್ಟ ಅವರದೇ ತಾಟಿಗೆ. ಜಾತಿ ಇಲ್ಲವೆಂದು ಸಾರಿದವರ ಮಕ್ಕಳು ನಾವು, ತಾಟಷ್ಟೇ ಬೇರೆ.

ಓದುವವರು ಈ ಅರಿವೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಯಾಕೆಂದರೆ ನಾನು ಮರೆತೆ.

ಹತ್ತು ದಿನ ಕಳೆಯುವುದರೊಳಗೆ ಕಾರು ಮಿಸ್ ಹೊಡೆಯತೊಡಗಿತು. ಏರು ಬಂದರೆ ಮುಗ್ಗರಿಸುವುದು, ಹಿಂದೆ ಕರಿ ಹೊಗೆ ಉಗುಳುವುದು, ಆಮೇಲೆ ನಡುದಾರಿಯಲ್ಲಿ ಕುಂದ್ರುವುದು. ಉಸ್ತಾದರು ಇಂಜಿನ್ನಿಗೆ ಕಿಡಿ ಕೊಡುವ ಆರೂ ಪ್ಲಗ್ಗು ಬಿಚ್ಚಿ ನನ್ನ ಮುಂದೆ ಸಾಲಾಗಿ ಇಟ್ಟರು. ಕಂದೀಲಿನ ಗಾಜಿಗೆ ಹಿಡಿಯುವಂಥ ಕರಿ ಮಸಿ ತುದಿಗೆ ಮೆತ್ತಿತ್ತು. ಅವರು ಉಸುಕಿನ ಕಾಗದದಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಸಂದು ಸರಿ ಮಾಡಿ ಕೂಡಿಸಿದರು. ಕಾರು ನಾಲ್ಕು ದಿನ ಓಡಿತು. ಐದನೆಯ ದಿನ ಅದೇ ಕಥೆ. ಆಮೇಲೆ ಪ್ಲಗ್ಗು ಬಿಚ್ಚಿ ಉಜ್ಜುವುದು ನಮ್ಮ ಮನೆಯ ನಿತ್ಯಪೂಜೆಗಳಲ್ಲಿ ಒಂದಾಯಿತು.

ರೋಗ ಹುಡುಕುವ ಭಾರ ನನ್ನ ಹೆಗಲಿಗೆ ಬಿತ್ತು, ಅಂದರೆ ನಾನೇ ಎಳೆದುಕೊಂಡೆ. ಮೊದಲು ವಾಡಿಗೆ ಹೋದೆವು. ಅಲ್ಲಿ ರೈಲು ಇಂಜಿನ್ನುಗಳ ಶೆಡ್ಡಿನಲ್ಲಿ ಒಬ್ಬ ಫಿಟ್ಟರು ಮಾವನಿಗೆ ಪರಿಚಯ. ಆತ ಹಬೆಯ ಇಂಜಿನ್ನಿನ ಪಂಡಿತ. ಪೆಟ್ರೋಲ್ ಇಂಜಿನ್ನನ್ನು ಮಕ್ಕಳ ಆಟಿಕೆ ನೋಡುವಂತೆ ನೋಡಿ, ಪಿಸ್ಟನ್ನಿನ ರಿಂಗು ಸವೆದಿವೆ, ಎಣ್ಣೆ ಮೇಲೇರಿ ಸುಡುತ್ತಿದೆ ಎಂದು ತೀರ್ಪು ಕೊಟ್ಟ. ಉಸ್ತಾದರು ಒಂದು ಪ್ಲಗ್ಗು ಅವನ ಅಂಗೈ ಮೇಲಿಟ್ಟು, "ಎಣ್ಣಿ ಏರಿದ್ರ ಜಿಗಟ ಇರ್ತದ್ರಿ. ಇದು ಒಣಾ ಮಸಿ, ಊದಿದ್ರ ಹಾರ್ತದ" ಅಂದರು. ಊದಿದರು, ಹಾರಿತು. ಫಿಟ್ಟರಿಗೆ ಮುಖಭಂಗವಾಯಿತು. ಆ ಸಿಟ್ಟಿಗೆ, ಹಾಗಾದರೆ ಪೆಟ್ರೋಲಿನಲ್ಲಿ ಯಾರೋ ಸೀಮೆಎಣ್ಣೆ ಬೆರೆಸುತ್ತಿದ್ದಾರೆ, ಗಾಡಿ ಯಾರ ಕೈಯಲ್ಲಿರುತ್ತದೋ ಅವರನ್ನು ಕೇಳಿರಿ ಎಂದುಬಿಟ್ಟ.

ಮಾವನ ಮುಖ ನೋಡಬೇಕಾಗಿತ್ತು. ತಿಂಗಳುಗಟ್ಟಲೆ ಹುಡುಕುತ್ತಿದ್ದ ವಸ್ತು ತಮ್ಮ ಅಂಗಿಯ ಜೇಬಿನಲ್ಲೇ ಸಿಕ್ಕವರಂತೆ ಅರಳಿತು. ಪೆಟ್ರೋಲು ತೆಗೆದು ಮಾರುವುದು, ಅಷ್ಟು ಜಾಗಕ್ಕೆ ಸೀಮೆಎಣ್ಣೆ ಸುರಿಯುವುದು. ಎಷ್ಟು ಸರಳ! ಅದರ ಮೇಲೆ ಆ ದಿನಗಳು ಬೇರೆ ಎಂಥವು. ಉಸ್ತಾದರಂಥ ಮುಸಲ್ಮಾನರ ಮೇಲೆ ಅನುಮಾನ ಪಡಲು ಆಗ ಯಾರಿಗೂ ಪುರಾವೆಯ ಅಡಚಣೆ ಇರುತ್ತಿರಲಿಲ್ಲ.

ನಾನು ಮಾತ್ರ ವಿದ್ಯಾವಂತ, ಪುರಾವೆ ಬೇಕೆಂದೆ. ಪುಸ್ತಕ ತೆರೆದೆ. ಪ್ಲಗ್ಗಿಗೆ ಒಣ ಮಸಿ ಹಿಡಿದರೆ ಪೆಟ್ರೋಲು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ ಎಂದು ತಿಳಿಯಬೇಕು, ಗಾಳಿ ಸೋಸುವ ಜಾಳಿಗೆ ಕಟ್ಟಿಕೊಂಡಿದೆಯೇ ನೋಡಿ ಶುಚಿ ಮಾಡಬೇಕು ಎಂದು ಅದರಲ್ಲಿ ಅಚ್ಚಾಗಿತ್ತು. ನಮ್ಮದು ಪ್ರತಿ ಸೋಮವಾರ ಒಗೆದ ಅರಿವೆ, ಇಷ್ಟು ಶುಚಿ ಇನ್ಯಾರ ಕಾರಿನಲ್ಲಿದೆ ಎಂದು ಹೆಮ್ಮೆಪಟ್ಟು ಹಾಳೆ ತಿರುವಿದೆ. ಮುಂದಿನ ಹಾಳೆಯಲ್ಲಿ ಕೆಟ್ಟ ಪೆಟ್ರೋಲಿನ ಮಾತಿತ್ತು. ಅಲ್ಲಿ ಕಣ್ಣು ನಿಂತಿತು. ಬಿಳಿ ಕಾಗದದ ಮೇಲೆ ಎರಡು ಹನಿ ಪೆಟ್ರೋಲು ಬಿಟ್ಟರೆ, ಸೀಮೆಎಣ್ಣೆ ಬೆರೆತಿದ್ದರೆ ಜಿಡ್ಡಿನ ಕಲೆ ಉಳಿಯುತ್ತದಂತೆ. ಟ್ಯಾಂಕಿನಿಂದ ಹನಿ ತೆಗೆದು ಬಿಟ್ಟೆ. ಕಾಗದ ಒಣಗಿ ಬೆಳ್ಳಗೇ ಉಳಿಯಿತು. ಉಸ್ತಾದ ಭಾಳ ಶುದ್ಧ ಸೀಮೆಎಣ್ಣೆ ಬಳಸುತ್ತಾನೆ ಎಂದು ಮಾವ ಹೇಳಿದರು. ನಾನು ತಲೆಯಾಡಿಸಿದೆ.

ಆಮೇಲೆ ಬೀಗ. ಚಿತ್ತಾಪುರದ ಕಮ್ಮಾರನಿಗೆ ಹೇಳಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಕೊಂಡಿ ಹೊಡೆಸಿ ಬೀಗ ಹಾಕಿಸಿದೆವು. ಯಾಕೆ ಏನು ಎಂದು ಕಮ್ಮಾರ ಕೇಳುವುದಕ್ಕೂ ಮುಂಚೆ ನಾನೇ ಎಲ್ಲ ಹೇಳಿದೆ. ಕೀಲಿಕೈ ನನ್ನ ಉಡದಾರಕ್ಕೆ ಕಟ್ಟಿಕೊಂಡೆ. ಶಹಾಬಾದದ ಪೆಟ್ರೋಲ್ ಪಂಪಿನ ಮುಂದೆ ಉಸ್ತಾದರು ಕಾರು ನಿಲ್ಲಿಸಿ ಕೆಳಗಿಳಿದು ಕೈಕಟ್ಟಿ ನಿಲ್ಲುವರು. ನಾನು ಧೋತರದ ಗಂಟು ಸಡಿಲಿಸಿ ಕೀಲಿ ತೆಗೆಯುವೆ. ಪಂಪು ತಿರುವುವ ಮನುಷ್ಯನಿಗೆ ಇದು ನಾಟಕ, ಒಂದು ದಿನ ನಕ್ಕು ಕಾರಣ ಕೇಳಿದ. ಹಾಲು ಕಾಯುವವರು ಬೆಕ್ಕಿಗೆ ಹೆದರಲೇಬೇಕಲ್ಲ ಎಂದು ನಾನು ಉಸ್ತಾದರಿಗೆ ಕೇಳುವಂತೆಯೇ ಹೇಳಿದೆ. ಅವರು ಗಾಜು ಒರೆಸುತ್ತಿದ್ದರು, ಒರೆಸುವುದನ್ನು ನಿಲ್ಲಿಸಲಿಲ್ಲ. ಆ ಮಾತು ಹೇಳಿದ ನನ್ನ ನಾಲಿಗೆಯ ಮೇಲೆ ಇವತ್ತಿಗೂ ನನಗೆ ಹೇಸಿಗೆ ಇದೆ.

ಬೀಗ ಹಾಕಿದಮೇಲೂ ಪ್ಲಗ್ಗು ಕರ್ರಗಾದವು. ಒಂದು ವಾರ ಉಸ್ತಾದರಿಗೆ ರಜೆ ಕೊಟ್ಟು ನಾನೇ ಕಾರು ಹೊಡೆದೆ, ಆಗಲೂ ಕರ್ರಗಾದವು. ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲುತ್ತಿದ್ದ. ನಾನು ಇಂಟರ್ ಫೇಲಾದವನು, ನಿಲ್ಲಲಿಲ್ಲ. ಹಿಂದೆ ಕುಡಿದ ಸೀಮೆಎಣ್ಣೆ ಇಂಜಿನ್ನಿನ ನರನಾಡಿಗಳಲ್ಲಿ ಇನ್ನೂ ಉಳಿದಿದೆ ಎಂದು ಸೇಡಂನ ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ವಿವರಿಸಿದೆ. ಕಾರು ಬಂದಮೇಲೆ ಏನೇನು ಬದಲಾಗಿದೆ ಎಂದು ಒಂದು ಪಟ್ಟಿಯನ್ನೂ ಮಾಡಿದ್ದೆ. ರಸ್ತೆ ಬದಲಾಗಿತ್ತು, ಪಂಪು ಬದಲಾಗಿತ್ತು, ಮಾಲಕರು ಬದಲಾಗಿದ್ದರು, ಸರ್ಕಾರವೇ ಬದಲಾಗಿತ್ತು. ನನ್ನ ಕೈಯಾರೆ ನಾನು ಕಟ್ಟಿದ ಅರಿವೆ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ಕೊನೆಗೆ ಮಾವನ ತಾಳ್ಮೆ ತೀರಿತು. ಚಿಂಚೋಳಿಯಲ್ಲಿ ಆಯಿಯ ತಂಗಿಯ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವುದಿತ್ತು. ಸೋಮವಾರ ಬೆಳಿಗ್ಗೆ ಹೊರಡುವ ಮುಂಚೆ ಮಾವ ಉಸ್ತಾದರನ್ನು ಕರೆದು, ಇವತ್ತು ದಾರಿಯಲ್ಲಿ ಗಾಡಿ ನಿಂತರೆ ನಿನ್ನ ದಾರಿ ನಿನಗೆ, ಯಾಕೆಂದು ಕೇಳಿದವರಿಗೆ ಕಾರಣವನ್ನೂ ಹೇಳಿಯೇ ಕಳಿಸುತ್ತೇನೆ ಅಂದರು. ಪೆಟ್ರೋಲ್ ಕಳ್ಳನೆಂಬ ಹೆಸರು ಬಿದ್ದ ಡ್ರೈವರನಿಗೆ ಈ ಸೀಮೆಯಲ್ಲಿ ಯಾರೂ ಸ್ಟೇರಿಂಗ್ ಮುಟ್ಟಗೊಡುವುದಿಲ್ಲ. ಅರವತ್ತರ ಆ ಮನುಷ್ಯ ಅಳಿಯನ ಮನೆಯ ಮೂಲೆ ಸೇರಬೇಕು, ಅದೂ ಕಳ್ಳನಾಗಿ. ಇದು ಮಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಉಸ್ತಾದರು ಆಗಲಿ ಎನ್ನುವಂತೆ ತಲೆಯಾಡಿಸಿ ಪ್ಲಗ್ಗುಗಳನ್ನು ಉಜ್ಜಿ ಕೂಡಿಸಿದರು. ನಾನು ಆಯಿ ಕೊಟ್ಟ ಹೊಸ ಅರಿವೆಯನ್ನು, ಇನ್ನೂ ಅರ್ಧ ಹಸಿ ಇದ್ದದ್ದನ್ನು, ಗಟ್ಟಿಯಾಗಿ ಕಟ್ಟಿದೆ.

ಸೇಡಂ ದಾಟಿ ಎರಡು ಹರದಾರಿ ಹೋಗಿರಲಿಲ್ಲ, ಒಂದು ಹಳ್ಳದ ದಂಡೆಯಲ್ಲಿ ಕಾರು ಕೆಮ್ಮಿ ನಿಂತಿತು. ಮಾವ ಹಿಂದಿನ ಸೀಟಿನಲ್ಲಿ ಗೆದ್ದವರಂತೆ ಕೂತಿದ್ದರು. ಉಸ್ತಾದರು ಬಾನೆಟ್ ಎತ್ತಿದರು. ಬಿಸಿಲು ಏರಿತ್ತು. ಆಯಿಗೆ ನೀರಡಿಕೆ. ಹಳ್ಳದಲ್ಲಿ ನೀರಿತ್ತು, ತಂಬಿಗೆ ಇತ್ತು, ಆದರೆ ಸೋಸುವ ಅರಿವೆ ಮನೆಯಲ್ಲೇ ಉಳಿದಿತ್ತು. ಮಾವ ತಮ್ಮ ರುಮಾಲು ಚಾಚಿದರು. ತಲೆಯ ಬೆವರು ಕುಡಿದದ್ದರಲ್ಲಿ ಸೋಸಿದ ನೀರು ಕುಡಿಯುವ ಪೈಕಿ ಅಲ್ಲ ಅವಳು. ಸೆರಗಿನಲ್ಲಿ ಸೋಸು ಎಂದೆವು, ಅದೂ ಆಗದು. "ಇಂಜಿನ್ನಿಗಿ ಕಟ್ಟಿದ್ದು ಬಿಚ್ಚು. ಮುಂಜಾನಿ ನಾನೇ ಒಗದು ಕೊಟ್ಟೀನಿ, ಹಳ್ಳದಾಗ ಒಮ್ಮಿ ಜಾಲಿಸಿದ್ರ ಆತು" ಎಂದು ನನಗೆ ಹೇಳಿದಳು.

ನಾನು ಬಿಚ್ಚಿದೆ, ಹಳ್ಳಕ್ಕೆ ಹೋಗಿ ಜಾಲಿಸಿದೆ, ನೀರು ಸೋಸಿ ಕೊಟ್ಟೆ. ದಾರಿಯಲ್ಲಿ ಮತ್ತೆ ನೀರಡಿಕೆಯಾದರೆ ಇರಲಿ ಎಂದು ಆಯಿ ಅರಿವೆಯನ್ನು ನನ್ನ ತೊಡೆಯ ಮೇಲೆಯೇ ಒಣಗಲು ಹರವಿಸಿದಳು. ಉಸ್ತಾದರು ಪ್ಲಗ್ಗು ಉಜ್ಜಿ ಕೂಡಿಸಿ ಹ್ಯಾಂಡಲ್ ತಿರುವಿದರು. ಅರ್ಧ ಸುತ್ತಿಗೇ ಇಂಜಿನ್ ಹತ್ತಿತು. ಆ ಸದ್ದು ನಾನು ಕಾರು ಬಂದ ಮೊದಲ ತಿಂಗಳಲ್ಲಿ ಕೇಳಿದ್ದೆ, ಆಮೇಲೆ ಕೇಳಿರಲಿಲ್ಲ. ಏರುಗಳನ್ನು ಅದು ತುಸುವೂ ತಡವರಿಸದೆ ಏರಿತು. ಹಿಂದೆ ತಿರುಗಿ ನೋಡಿದೆ. ಬರೀ ಕೆಂಪು ಧೂಳು ಏಳುತ್ತಿತ್ತು, ಕರಿ ಹೊಗೆಯ ಸುಳಿವಿಲ್ಲ. ತೊಡೆಯ ಮೇಲಿನ ಒದ್ದೆ ಅರಿವೆ ಧೋತರದೊಳಗೆ ತಣ್ಣಗೆ ಇಳಿಯುತ್ತಿತ್ತು. ಪುಸ್ತಕದ ಆ ಹಾಳೆ ಒಂದೊಂದಕ್ಷರವಾಗಿ ನೆನಪಾಯಿತು. ಮುಖ ಎತ್ತಿದೆ, ಎದುರಿನ ಸಣ್ಣ ಕನ್ನಡಿಯಲ್ಲಿ ಉಸ್ತಾದರ ಕಣ್ಣು ನನ್ನನ್ನೇ ನೋಡುತ್ತಿತ್ತು.

ಚಿಂಚೋಳಿ ಮುಟ್ಟಿದೆವು, ಬಾಳಂತಿಯ ಕೋಣೆಯ ಹೊರಗೆ ಕೂತು ಉಂಡೆವು. ಅಲ್ಲಿ ನೆಂಟರು ಕಾರಿನ ಸುದ್ದಿ ಕೇಳಿದಾಗ, ಬೀಗ ಹಾಕಿದ ಕಥೆಯನ್ನು ಮಾವ ನನ್ನ ಬಾಯಿಂದಲೇ ಹೇಳಿಸಿದರು. ಹೇಳಿದೆ. ಗೊತ್ತಾದಮೇಲೂ ಹೇಳಿದೆ, ಅಭಿನಯ ಸಮೇತ. ಸಂಜೆಯ ಹೊತ್ತಿಗೆ ಚಿತ್ತಾಪುರಕ್ಕೆ ಮರಳುವವರೆಗೂ ಕಾರು ಒಮ್ಮೆಯೂ ಕೆಮ್ಮಲಿಲ್ಲ.

ಇಳಿದ ಕೂಡಲೇ ಮಾವ ತೀರ್ಪು ಕೊಟ್ಟರು. ಬೆಳಿಗ್ಗೆ ಹೆದರಿಸಿದ್ದಕ್ಕೆ ಇವನು ಇವತ್ತು ಏನೂ ಬೆರೆಸಿಲ್ಲ, ಅದಕ್ಕೇ ಮಧ್ಯಾಹ್ನದಿಂದ ಗಾಡಿ ನೆಟ್ಟಗೆ ಓಡಿತು, ಇದಕ್ಕಿಂತ ದೊಡ್ಡ ಪುರಾವೆ ಬೇಕೇ, ಗಾಡಿ ಒಪ್ಪಿಸಿ ಗುರುವಾರ ಹೊರಡಲಿ ಎಂದರು. ನಿಂತಾಗ ಕಳ್ಳ, ಓಡಿದಾಗ ಇನ್ನೂ ದೊಡ್ಡ ಕಳ್ಳ. ಮಾವನ ನ್ಯಾಯದಿಂದ ತಪ್ಪಿಸಿಕೊಳ್ಳಬೇಕೆಂದರೆ ಆ ಕಾರು ನಿಲ್ಲಲೂಬಾರದು, ಓಡಲೂಬಾರದು. ಉಸ್ತಾದರು ಒಂದೇ ಮಾತು ಹೇಳಿದರು: "ಸಣ್ಣ ಸಾವ್ಕಾರ್ರು ಹೇಳ್ತಾರ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ಅರಿವೆ ನನ್ನ ಕೈಯಲ್ಲೇ ಇತ್ತು. ಬಾಯಿ ತೆರೆದೆ. ಮಾವ ನನ್ನ ಬುದ್ಧಿಯನ್ನು ಹೊಗಳಿದ ಊರುಗಳೆಲ್ಲ ಕಣ್ಣ ಮುಂದೆ ಬಂದವು. ದಣಿವಾಗಿದೆ ಎಂದು ಹೇಳಿ ಒಳಗೆ ಹೋದೆ.

ಮಂಗಳವಾರ, ಬುಧವಾರ ಉಸ್ತಾದರು ಕಾರು ತೊಳೆದರು, ಸ್ಟೆಪ್ನಿಗೆ ಗಾಳಿ ತುಂಬಿದರು, ನಟ್ಟು ಬಿಚ್ಚುವ ಪಾನಾಗಳನ್ನೆಲ್ಲ ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸಿದರು. ನಾನು ಹೊಟ್ಟೆನೋವೆಂದು ಮಲಗಿದ್ದೆ. ಆ ಎರಡು ದಿನ ಮನೆಯವರು ನನಗೆ ಅಜವಾನದ ಕಷಾಯ ಕುಡಿಸಿದರು, ಸೋಸಿ. ಗುರುವಾರ ಬೆಳಿಗ್ಗೆ ಟ್ರಂಕು ಹೊತ್ತುಕೊಂಡು ಹೊರಟ ಉಸ್ತಾದರಿಗೆ ಆಯಿ ಕಡಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ ಗಂಟನ್ನು ಕೊಡಲು ಹೋದಳು. ಕದ್ದದ್ದು ಕದ್ದೆ, ದಾರಿಯಲ್ಲಿ ಉಪವಾಸ ಹೋಗಬೇಡ ಎಂದಳು. ಅವಳ ಲೆಕ್ಕದಲ್ಲಿ ಅದು ಅಂತಃಕರಣ. ಉಸ್ತಾದರು ಗಂಟನ್ನು ಮೆಟ್ಟಿಲ ಮೇಲಿಟ್ಟು, "ಕಳ್ಳಗ ರೊಟ್ಟಿ ಕಟ್ಟಬ್ಯಾಡ್ರಿ ಆಯಿ" ಎಂದು ಹೇಳಿ ಸ್ಟೇಷನ್ ದಾರಿ ಹಿಡಿದರು. ಅವರ ಧ್ವನಿ ನಡುಗಿದ್ದನ್ನು ನಾನು ಅದೇ ಮೊದಲ ಸಲ ಕೇಳಿದೆ. ಕಿಟಕಿಯ ಹಿಂದೆ ನಿಂತಿದ್ದ ನನಗೆ ನನ್ನ ಮೇಲೆ ನಾಚಿಕೆಯಾಯಿತು.

ಪಡಸಾಲೆಗೆ ಹೋಗಿ ಮಾವನಿಗೂ ಆಯಿಗೂ ಎಲ್ಲ ಹೇಳಿದೆ. ಅರಿವೆ ಕಟ್ಟಿದ್ದು, ಗಾಳಿ ಸಾಲದೆ ಪೆಟ್ರೋಲು ಅರೆಬರೆ ಸುಟ್ಟು ಮಸಿಯಾದದ್ದು, ಉಸ್ತಾದರು ಮೊದಲ ದಿನವೇ ಹೇಳಿದ್ದು, ಹಳ್ಳದ ದಂಡೆಯಲ್ಲಿ ಬಿಚ್ಚಿದ್ದು.

"ನಿನಗ ಯಾವಾಗ ತಿಳೀತು?" ಮಾವ ಕೇಳಿದರು.

"ಸೋಮವಾರ."

"ಇವತ್ತ ಯಾ ವಾರ?"

ಮಾವ ನನಗಿಂತ ಹೆಚ್ಚು ನಾಚಿದ್ದರು, ಆದ್ದರಿಂದ ನನಗಿಂತ ಜೋರಾಗಿ ಸಿಟ್ಟಾದರು. ಆಯಿ ಬೈಯಲಿಲ್ಲ. ಮೆಟ್ಟಿಲ ಮೇಲಿನ ಗಂಟು ಎತ್ತಿ ತಂದಳು, ಬಿಚ್ಚಿದಳು, ಹಗ್ಗದ ಮೇಲಿದ್ದ ಸೋಸುವ ಅರಿವೆಯನ್ನು ಎಳೆದು ತಂದು ರೊಟ್ಟಿಯನ್ನು ಅದರಲ್ಲಿ ಕಟ್ಟಿದಳು. "ಅವನ ಕೈಯಾಗೇ ಕೊಡು. ಕರ್ಕೊಂಡು ಬಾ" ಎಂದಳು. ಅಷ್ಟು ವರ್ಷ ಬೇರೆ ಹಗ್ಗದ ಮೇಲೆ ಒಣಗಿದ ಅರಿವೆ ಅದು.

ರಾಯಚೂರಿಗೆ ಹೋಗುವವರು ವಾಡಿಯಲ್ಲಿ ರೈಲು ಬದಲಿಸಬೇಕು, ಆ ರೈಲು ಮಧ್ಯಾಹ್ನಕ್ಕೆ. ನಾನೇ ಕಾರು ಹೊಡೆದುಕೊಂಡು ಹೋದೆ. ಬಾಯಿ ತೆರೆದ ಕಾರ್ಬೊರೇಟರು ದಾರಿಯುದ್ದಕ್ಕೂ ಗಾಳಿ, ಧೂಳು, ಏನು ಸಿಕ್ಕರೆ ಅದನ್ನು ಎಳೆದುಕೊಂಡು ಸುಖವಾಗಿ ಓಡಿತು. ಉಸ್ತಾದರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಕೋಟಿನ ಗುಂಡಿಗಳೆಲ್ಲ ಹಾಕಿಕೊಂಡು, ಟ್ರಂಕಿನ ಪಕ್ಕದಲ್ಲಿ ಕೂತಿದ್ದರು.

"ಯಾಕ್ರಿ, ಗಾಡಿ ನಿಂತದೇನ್ರಿ?"

"ಇಲ್ಲ ಉಸ್ತಾದ, ಭಾಳ ಛಲೋ ಓಡ್ಲಿಕತ್ತದ."

"ಹಂಗಾದ್ರ ನನ್ನ ಹತ್ರ ಯಾಕ ಬಂದ್ರಿ?"

ತಪ್ಪಾಯಿತು ಎಂದೆ. ಅರಿವೆಯ ಕಥೆ ಹೇಳತೊಡಗಿದೆ. ಅವರು ಕೈ ಎತ್ತಿ ನಿಲ್ಲಿಸಿದರು. "ನನಗ ಹೇಳಿದ್ರ ಏನ್ ಬಂತ್ರಿ? ಅದು ನನಗ ಮೊದಲೇ ಗೊತ್ತದ. ನೀವು ಎಲ್ಲೆಲ್ಲಿ ಕಳ್ಳ ಅಂದೀರಿ, ಅಲ್ಲಲ್ಲಿ ಹೋಗಿ ಹೇಳ್ರಿ. ಗಾಡಿ ನಾ ಹೊಡೀತೀನಿ." ಆಮೇಲೆ ಗಂಟನ್ನು ತೆಗೆದುಕೊಂಡರು. ಅರಿವೆಯ ಅಂಚನ್ನು ಬೆರಳಿನಲ್ಲಿ ಹಿಡಿದು ನೋಡಿದರು, ಯಾವುದೆಂದು ತಿಳಿಯಿತು. ಅದನ್ನು ಟ್ರಂಕಿನಲ್ಲಿಡದೆ ಕೈಯಲ್ಲೇ ಹಿಡಿದು ನಡೆದರು.

ಮೊದಲು ವಾಡಿಯ ಫಿಟ್ಟರು. ಕಳ್ಳತನ ಆಗಿಲ್ಲ, ಅರಿವೆ ಕಟ್ಟಿದವನು ನಾನು ಎಂದೆ. ಆತ ತನ್ನ ಸಹೋದ್ಯೋಗಿಗಳನ್ನೆಲ್ಲ ಕರೆದು ಇನ್ನೊಮ್ಮೆ ಹೇಳಿಸಿದ. ಆಮೇಲೆ ಶಹಾಬಾದದ ಪಂಪು. ಅಲ್ಲಿ ಉಸ್ತಾದರು ಎಂದಿನಂತೆ ಇಳಿದು ಕೈಕಟ್ಟಿ ನಿಂತರು. ನಾನು ಧೋತರದ ಗಂಟು ಸಡಿಲಿಸಿ, ಕೀಲಿ ತೆಗೆದು, ಬೀಗ ಬಿಚ್ಚಿ, ಬೆಕ್ಕು ನಾನೇ ಎಂದು ಒಪ್ಪಿಕೊಂಡೆ. ಪಂಪಿನವನು ಹೊಟ್ಟೆ ಹಿಡಿದು ನಕ್ಕ. ಚಿತ್ತಾಪುರದ ಕಮ್ಮಾರ ನಗದೆ ಬೀಗವನ್ನು ವಾಪಸು ತೆಗೆದುಕೊಂಡು, ಮುಚ್ಚಳಕ್ಕೆ ಹೊಡೆದ ಕೊಂಡಿ ಮಾತ್ರ ಇನ್ನು ಬರುವುದಿಲ್ಲ, ಕಿತ್ತರೆ ಟ್ಯಾಂಕು ಸೋರುತ್ತದೆ ಎಂದ. ಅದು ಕೊನೆಯವರೆಗೂ ಹಾಗೆಯೇ ಇತ್ತು.

ಮರುದಿನ ಬೆಳಿಗ್ಗೆ ಸೇಡಂ ಕಡೆ ಹೊರಟೆವು. ಜೀವನದಲ್ಲಿ ಮೊದಲ ಸಲ ಆ ಕಾರು ಕೆಟ್ಟು ನಿಲ್ಲಲಿ ಎಂದು ದೇವರನ್ನು ಬೇಡಿಕೊಂಡೆ. ಪ್ಲಗ್ಗು ಕಪ್ಪಾಗಲಿ, ಟಾಯರು ಒಡೆಯಲಿ, ದಾರಿಯ ಕಾಗಿಣಾ ನದಿಗೆ ಮಹಾಪೂರ ಬರಲಿ. ಏನೂ ಆಗಲಿಲ್ಲ. ಇಂಜಿನ್ ಹೊಸ ಮದುಮಗನಂತೆ ಓಡಿತು. ಸೇಡಂನ ಚಹಾದಂಗಡಿಯಲ್ಲಿ ಅಂದು ಕೇಳಿದ್ದ ನಾಲ್ವರಲ್ಲಿ ಮೂವರಷ್ಟೇ ಇದ್ದರು. ನಾಲ್ಕನೆಯವನು ಪೇಟೆಗೆ ಹೋಗಿದ್ದಾನೆಂದು ತಿಳಿದು ಉಸ್ತಾದರು ಬೆಂಚಿನ ಮೇಲೆ ಕೂತು ಎರಡನೆಯ ಚಹಾ ತರಿಸಿದರು. ಅವನು ಬಂದಮೇಲೆ ನಾನು ಮೊದಲಿನಿಂದ ಹೇಳಿದೆ. ಚಿಂಚೋಳಿಯ ನೆಂಟರ ಪಡಸಾಲೆಯಲ್ಲಂತೂ ಸೋಮವಾರ ಮಾಡಿದ ಅಭಿನಯವನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನಗಿಸುವಾಗ ಸುತ್ತ ಕೂತಿದ್ದವರು ಈಗ ನೆಲ ನೋಡುತ್ತಿದ್ದರು. ಬಾಗಿಲ ಹೊರಗೆ ನಿಂತಿದ್ದ ಉಸ್ತಾದರನ್ನು ಹಿರಿಯರು ಒಳಗೆ ಕರೆದರು. ಅವರು ಬರಲಿಲ್ಲ. ಕೇಳಬೇಕಾದ್ದು ಅಲ್ಲಿಂದಲೇ ಕೇಳುತ್ತದೆ ಎಂದರಂತೆ.

ಮರಳುವಾಗ ಅದೇ ಹಳ್ಳದ ದಂಡೆಯಲ್ಲಿ ಅವರು ತಾವಾಗಿ ಕಾರು ನಿಲ್ಲಿಸಿದರು. ಗಂಟು ಬಿಚ್ಚಿ ಅರಿವೆಯನ್ನು ಕಾರಿನ ಮೆಟ್ಟಿಲ ಮೇಲೆ ಹಾಸಿ, ರೊಟ್ಟಿ ಮುರಿದು, ಹಿಂಡಿಯನ್ನು ನಡುವೆ ಇಟ್ಟರು. ತಾಟು ಇರಲಿಲ್ಲ, ಅವರದೂ ಇಲ್ಲ, ನನ್ನದೂ ಇಲ್ಲ. ಒಂದೇ ಅರಿವೆಯ ಮೇಲಿಂದ ಇಬ್ಬರೂ ತಿಂದೆವು. ಇನ್ನು ಗಾಡಿ ಬಿಟ್ಟು ಹೋಗುವುದಿಲ್ಲವಲ್ಲ ಎಂದು ಕೇಳಿದೆ. ಅವರು ರೊಟ್ಟಿಯ ಚೂರನ್ನು ಝಾಡಿಸಿ, ಅರಿವೆಯನ್ನು ಹಳ್ಳದಲ್ಲಿ ಅದ್ದಿ ಹಿಂಡಿ, ಮುಂದಿನ ಗಾಜನ್ನು ಮೂಲೆಯಿಂದ ಮೂಲೆಯವರೆಗೆ ಒರೆಸಿದರು. ಆಮೇಲೆ ನಾಲ್ಕು ಮಡಿಕೆ ಮಾಡಿ, ನನ್ನ ಕೈಗೆ ಕೊಡದೆ, ತಮ್ಮ ಸೀಟಿನ ಕೆಳಗಿಟ್ಟುಕೊಂಡರು.

"ಗಾಜಿಗಿ ಭಾಳ ಛಲೋ ಅದ್ರಿ ಇದು" ಅಂದರು.